ಕಂಪನಿಯ ಹುಡುಗ ಮಲ್ಲಿಕಾರ್ಜುನ

ಮಲ್ಲಿಕಾರ್ಜುನ ಮನಸೂರರ ಕುರಿತ ಭಾಷಣಗಳಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ಎಳವೆಯಲ್ಲಿ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದರು, ಆಮೇಲೆ ಸಂಗೀತಕ್ಕೆ ಬಂದರು. ಸಿರಿವಂತರು ಬಡ ನೆಂಟರನ್ನು ಹಿತ್ತಲ ಬಾಗಿಲಿನಿಂದ ಸಾಗಹಾಕಿದಂತೆ ಆ ಕಂಪನಿಯ ವರ್ಷಗಳನ್ನು ಸಾಗಹಾಕಿ, ಭಾಷಣಕಾರರು ನೇರವಾಗಿ ಅಲ್ಲಾದಿಯಾ ಖಾನರ ಜೈಪುರ ಘರಾಣೆಗೆ ಹೋಗಿ ಕೂಡುತ್ತಾರೆ. ಧಾರವಾಡದ ಸಭೆಗಳಲ್ಲಿ ಇದನ್ನು ಕೇಳಿ ಕೇಳಿ ನನಗೆ ಸಿಟ್ಟು ಬಂದಿದೆ. ಮನಸೂರರಿಗೆ ಸಂಗೀತ ಸಿಕ್ಕಿದ್ದು ಕಂಪನಿಯೊಳಗೇ.

ಕಾಲವನ್ನು ನೋಡಿ. 1919ರಲ್ಲಿ ಚಿತ್ರನಿರ್ದೇಶಕ ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ ‘ಕಾಳಿಯ ಮರ್ದನ’ ಎಂಬ ಮೂಕಿಚಿತ್ರದಲ್ಲಿ ಕೃಷ್ಣನಾದಳು. 1921ರಲ್ಲಿ ಚಾಪ್ಲಿನ್ ಜೊತೆ ‘ದಿ ಕಿಡ್’ನಲ್ಲಿ ನಟಿಸಿದ ಜಾಕಿ ಕೂಗನ್ ಜಗತ್ತಿಗೆಲ್ಲ ಪರಿಚಿತನಾದ. ಗಂಧರ್ವ ನಾಟಕ ಮಂಡಳಿಯಲ್ಲಿ ಹುಡುಗನಾಗಿ ಕೆಲಸ ಮಾಡಿದ್ದ ಶಾಂತಾರಾಮ, ಮುಂದೆ ದೊಡ್ಡ ನಿರ್ದೇಶಕನಾಗುವವನು, 1910ರ ದಶಕದ ಕೊನೆಯ ಹೊತ್ತಿಗೆ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿಯುತ್ತ, ತಗಡಿನ ಶೆಡ್ಡಿನ ಸಿನೆಮಾ ಮಂದಿರದಲ್ಲಿ ಬಾಗಿಲು ಕಾಯುತ್ತಿದ್ದ. ಪರದೆಯ ಮೇಲಿನ ಮಗುವಿಗೆ ಮುಖ ಸಾಕಾಗಿತ್ತು, ದನಿ ಬೇಕಿರಲಿಲ್ಲ. ಅದೇ ವರ್ಷಗಳಲ್ಲಿ ಧಾರವಾಡದ ಪಕ್ಕದ ಮನಸೂರಿನ ಒಂಬತ್ತರ ಹುಡುಗನೊಬ್ಬ ಅಣ್ಣ ಬಸವರಾಜರ ಕಂಪನಿಯಲ್ಲಿ ಬಣ್ಣ ಹಚ್ಚಿಕೊಂಡ. ಅವನನ್ನು ಅಲ್ಲಿ ಉಳಿಸಿದ್ದು ದನಿಯೇ.

ಕಂಪನಿ ನಾಟಕದಲ್ಲಿ ಹುಡುಗರ ಪಾತ್ರವೆಂದರೆ ಧ್ರುವ, ಪ್ರಹ್ಲಾದ, ಲೋಹಿತಾಶ್ವ. ಮೂವರೂ ಸಂಕಟದಲ್ಲಿ ಹಾಡುವ ಮಕ್ಕಳು. ಮೈಕಿಲ್ಲ. ಗ್ಯಾಸ್ ಬತ್ತಿಯ ಸದ್ದು, ಮುಂದೆ ಕಾಲುಪೇಟಿ, ತಬಲಾ, ಹಿಂದೆ ನಿಂತ ಜನ. ದೂರದ ನಾಲ್ಕಾಣೆ ಪ್ರೇಕ್ಷಕನಿಗೆ ಸಾಹಿತ್ಯದ ಒಂದೊಂದು ಅಕ್ಷರವೂ ಮುಟ್ಟಬೇಕು. ಮೊದಲ ಸಾಲಿನಲ್ಲೇ ಜನ ಹಿಡಿತಕ್ಕೆ ಬರದಿದ್ದರೆ ಆ ರಾತ್ರಿ ಮುಗಿದಂತೆ. ಇನ್ನು ‘ಒನ್ಸ್ ಮೋರ್’! ನಮ್ಮ ವಿಮರ್ಶಕರು ಅದನ್ನು ಅಗ್ಗದ ಅಭಿರುಚಿಯೆಂದು ಬರೆದಿದ್ದಾರೆ. ಅದೇ ಹಾಡು, ಅದೇ ರಾತ್ರಿ, ಅದೇ ಜನರ ಮುಂದೆ ಮತ್ತೆ ಹಾಡಬೇಕಾದ ಹುಡುಗ ಏನು ಮಾಡುತ್ತಾನೆ? ಒಂದು ತಿರುವು ಬದಲಿಸುತ್ತಾನೆ, ಒಂದು ಹರಕತ್ತು ಸೇರಿಸುತ್ತಾನೆ, ಇನ್ನೊಂದು ದಾರಿಯಿಂದ ಬಂದು ತಾಳದ ಸಮ್ ಮುಟ್ಟುತ್ತಾನೆ. ಇದಕ್ಕಿಂತ ದೊಡ್ಡ ತಾಲೀಮು ಯಾವುದು? ಸಂಗೀತಗಾರ ಅಪ್ಪಯ್ಯಸ್ವಾಮಿಗಳು ಹುಡುಗನ ಹಾಡು ಕೇಳಿ ಶಿಷ್ಯನನ್ನಾಗಿ ಮಾಡಿಕೊಂಡದ್ದು ಕೂಡ ಇಂಥ ಒಂದು ನಾಟಕದಲ್ಲೇ. ಮಿರಜದ ನೀಲಕಂಠಬುವಾ ಆಲೂರಮಠ, ಮಂಜೀಖಾನ್, ಭೂರ್ಜೀಖಾನ್ ಎಲ್ಲರೂ ನಂತರದ ಗುರುಗಳು.

ಈಗ ದೊಡ್ಡ ಮನಸೂರರನ್ನು ಕೇಳಿ. ಶುದ್ಧ ನಟ್ ಇರಲಿ, ಶಿವಮತ ಭೈರವ ಇರಲಿ, ಉದ್ದನೆಯ ಆಲಾಪದ ಪೀಠಿಕೆ ಹಾಕುವವರಲ್ಲ ಅವರು. ಕೂತ ಕೂಡಲೇ ಚೀಜು ಎತ್ತಿಕೊಳ್ಳುತ್ತಾರೆ. ಅಸ್ತಾಯಿಯ ಮೊದಲ ಸುತ್ತಿನಲ್ಲೇ ರಾಗ ಎದುರು ಬಂದು ನಿಲ್ಲುತ್ತದೆ. ಸಮ್ ಎಲ್ಲಿ ಬೀಳುತ್ತದೆ ಎಂದು ಕಾದು ಕೂತವನಿಗೆ ಅದು ಕಾಣದ ಕಡೆಯಿಂದ ಬಂದು ಬಡಿಯುತ್ತದೆ. ಜೈಪುರದ ಗಾಯಕಿಯೇ ಹಾಗೆ ಎಂದು ಪಂಡಿತರು ಹೇಳುತ್ತಾರೆ. ಆ ಘರಾಣೆಯ ಬೇರೆ ಹಿರಿಯರನ್ನೂ ನಾನು ಕೇಳಿದ್ದೇನೆ. ಬಾಗಿಲು ತೆರೆದ ಕೂಡಲೇ ಒಳಗೆ ನುಗ್ಗುವ ಈ ಆತುರ ಅವರಲ್ಲಿಲ್ಲ. ಇದು ಪರದೆ ಸರಿಯುವುದನ್ನು ಕಾಯ್ದ ಹುಡುಗನ ಆತುರ. ಅಕ್ಕನ ವಚನಗಳನ್ನು ಅವರು ಹಾಡುವಾಗ ತಾನಿನ ನಡುವೆಯೂ ಒಂದಕ್ಷರ ಕಳೆಯುವುದಿಲ್ಲ. ಆ ಸ್ಪಷ್ಟತೆಯನ್ನು ಯಾವ ಖಾನ್‌ಸಾಹೇಬರೂ ಕನ್ನಡದಲ್ಲಿ ಕಲಿಸಿರಲಾರರು.

ನನ್ನ ಜಗಳ ಇರುವುದು ನಮ್ಮ ಊರಿನ ಅಭಿರುಚಿಯೊಂದಿಗೆ. ನಮಗೆ ಗುರುಗಳು ದೂರದವರಾಗಿರಬೇಕು, ಕೊಲ್ಹಾಪುರದ ದರಬಾರಿನವರಾಗಿರಬೇಕು. ಜಾತ್ರೆಯಿಂದ ಜಾತ್ರೆಗೆ ಎತ್ತಿನ ಗಾಡಿಯಲ್ಲಿ ಪರದೆ ಸಾಗಿಸಿದವರು ಗುರುಗಳೆಂದರೆ ನಮಗೆ ನಾಚಿಕೆ. ಕುಂದಗೋಳದ ಸವಾಯಿ ಗಂಧರ್ವರು ಸೀರೆಯುಟ್ಟು ರಂಗದಲ್ಲಿ ಹಾಡಿದವರು. ಏಣಗಿ ಬಾಳಪ್ಪನವರೂ ಹುಡುಗಾಟದ ವಯಸ್ಸಿನಲ್ಲೇ ಬಣ್ಣ ಹಚ್ಚಿದರು. ಇಷ್ಟಾದರೂ ಧಾರವಾಡದ ಬೈಠಕ್ಕುಗಳಲ್ಲಿ ‘ನಾಟ್ಯಪದ’ ಎಂದರೆ ಈಗಲೂ ಬೈಗುಳ.

ಕಂಪನಿಗಳು ಮಕ್ಕಳ ಬಾಲ್ಯವನ್ನು ಕಸಿದುಕೊಂಡವು ಎಂಬ ಮಾತೂ ಇದೆ. ಅದು ಸುಳ್ಳಲ್ಲ. ನಿದ್ದೆಗೆಟ್ಟ ರಾತ್ರಿ, ಬಿಟ್ಟುಹೋದ ಶಾಲೆ, ಸರಿಯಾಗಿ ಸಿಗದ ಸಂಬಳ ಎಲ್ಲ ಇದ್ದವು. ಅತ್ತ ಸಿನೆಮಾದ ಕೂಗನ್ ಗಳಿಸಿದ್ದನ್ನು ತಾಯಿ, ಮಲತಂದೆ ಖರ್ಚು ಮಾಡಿದ್ದರಿಂದ ಅವನು 1938ರಲ್ಲಿ ನ್ಯಾಯಾಲಯಕ್ಕೆ ಹೋದ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆಯನ್ನು ಕಾಯುವ ಕಾನೂನು ಬಂತು. ನಮ್ಮ ಕಂಪನಿ ಹುಡುಗರ ಪಾಲಿಗೆ ಯಾರೂ ಅಂಥ ಕಾನೂನು ಮಾಡಲಿಲ್ಲ. ಅವರು ದುಡಿದ ಕಲೆಗೆ ಸಲ್ಲಬೇಕಾದ ಗೌರವವನ್ನಾದರೂ ಕೊಡಬಹುದಿತ್ತು, ಅದನ್ನೂ ಘರಾಣೆಗಳ ಲೆಕ್ಕಕ್ಕೆ ಬರೆದುಕೊಂಡೆವು. ಸೆಪ್ಟೆಂಬರ್ 12ರಂದು ಮನಸೂರರ ಪುಣ್ಯತಿಥಿಗೆ ಹಾಡುವವರು ಮುಂದಿನ ವರ್ಷ ಕಾಲುಪೇಟಿ ತರಿಸಿ, ಕಂಪನಿಯ ಒಂದು ಪದ ಹಾಡಲಿ. ಜನ ‘ಒನ್ಸ್ ಮೋರ್’ ಎಂದರೆ ಇನ್ನೊಮ್ಮೆಯೂ ಹಾಡಲಿ.