ನಮ್ಮ ಡೇಟಾ ಅಂದ್ರೆ ಯಾರದ್ದು?

ಚಿಂಚೋಳಿಗೆ ಹೋಗಿ ಬರ್ತೀನಿ ಅಂತ ತಮ್ಮ ಸೇಡಂನ ಮನೆಯಿಂದ ನನ್ನ ಎಲೆಕ್ಟ್ರಿಕ್ ಕಾರು ತಗೊಂಡು ಹೋದ. ರಾತ್ರಿ ಲ್ಯಾಪ್‌ಟಾಪ್ ತೆರೆದರೆ ಮ್ಯಾಪಿನ ಗೆರೆ ಚಿತ್ತಾಪುರ, ವಾಡಿ ದಾಟಿ ಶಹಾಬಾದ್‌ಗೆ ಹೋಗಿ, ಅಲ್ಲೇ ಎರಡು ತಾಸು ನಿಂತಿತ್ತು. ಊಟಕ್ಕೆ ಕೂತಾಗ ಎಲ್ಲರ ಎದುರೇ ಕೇಳಿಬಿಟ್ಟೆ. ಅವನು ತುತ್ತು ಕೆಳಗಿಟ್ಟು, "ಅಣ್ಣಾ, ನೀ ನನಗ ಕಾರ್ ಕೊಟ್ಟೀಯೋ, ಕಾವಲು ಹಚ್ಚೀಯೋ?" ಅಂದ.

ಆ ಗೆರೆ ಎಳೆದದ್ದು ಟೆಸ್ಲಾಮೇಟ್ ನೋಡಿ ನಾನೇ ಕಟ್ಟಿಕೊಂಡ ಲಾಗರ್. ಟೆಸ್ಲಾ ಕಾರುಗಳಿಗಾಗಿ ಎಲಿಕ್ಸರ್ ಭಾಷೆಯಲ್ಲಿ ಬರೆದ ಓಪನ್ ಸೋರ್ಸ್ ಸಾಫ್ಟ್‌ವೇರ್ ಅದು. ಲಿನಕ್ಸ್ ಯಂತ್ರದಲ್ಲಿ ಡಾಕರ್ ಹಾಕಿ, ಒಂದು ಕಂಪೋಸ್ ಫೈಲ್ ಓಡಿಸಿದರೆ ಮುಗೀತು: ಪೋಸ್ಟ್‌ಗ್ರೆಸ್‌ನಲ್ಲಿ ದಾಖಲೆ, ಗ್ರಫಾನಾದಲ್ಲಿ ಗ್ರಾಫ್. ನನ್ನದು ಟೆಸ್ಲಾ ಅಲ್ಲ. ಹಾಗಾಗಿ ಓಬಿಡಿ ಡಾಂಗಲ್, ಹಳೇ ಫೋನಿನ ಜಿಪಿಎಸ್, ಡೇಟಾ ಸಾಗಿಸೋಕೆ ಎಂಕ್ಯೂಟಿಟಿ ಜೋಡಿಸಿ ಅದೇ ಮಾದರಿಯಲ್ಲಿ ಮಾಡಿಕೊಂಡೆ. ಸರ್ವರ್ ಅಂದ್ರೆ ಊರಿನ ಮನೆಯ ಹಳೇ ಲ್ಯಾಪ್‌ಟಾಪ್. ಕರೆಂಟ್ ಹೋದ್ರೆ ಅದರ ಬ್ಯಾಟರಿಯೇ ಯುಪಿಎಸ್.

ಟೆಸ್ಲಾಮೇಟ್ ಬರೆದವರ ಕೈಚಳಕ ದೊಡ್ಡದು. ನಿಂತ ಕಾರನ್ನು ಪದೇ ಪದೇ ಎಬ್ಬಿಸಿದರೆ ಬ್ಯಾಟರಿ ಇಳಿಯುತ್ತೆ ಅಂತ ಗೊತ್ತಿದ್ದು, ಕಾರು ನಿದ್ದೆಗೆ ಜಾರೋಕೆ ಬಿಡ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ನಮ್ಮ ಕಡೆ ಎಸಿ ಹಾಕಿದ್ರೆ ರೇಂಜ್ ಎಷ್ಟು ಇಳಿಯುತ್ತೆ ಅಂತ ನಾನು ಕಲಿತದ್ದೂ ಇಂಥ ಗ್ರಾಫಿನಿಂದಲೇ.

ಆದ್ರೆ "ಡೇಟಾ ನಿಮ್ಮ ಮನೆಯಲ್ಲೇ" ಅನ್ನೋ ಮಾತು ಅರ್ಧ ನಿಜ. ಟೆಸ್ಲಾಮೇಟ್‌ಗೆ ಡೇಟಾ ಬರೋದು ಟೆಸ್ಲಾದ ಸರ್ವರ್ ಮೂಲಕ, ಅಂದ್ರೆ ಕಂಪನಿಗೆ ಮೊದಲೇ ಗೊತ್ತು. ಕಾರು ನಿಂತ ಜಾಗದ ವಿಳಾಸ ಹುಡುಕೋಕೆ ಅಕ್ಷಾಂಶ ರೇಖಾಂಶ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸೇವೆಗೆ ಹೋಗುತ್ತೆ. ಅದರ ವೆಬ್ ಪುಟಕ್ಕೆ ತನ್ನದೇ ಲಾಗಿನ್ ಇಲ್ಲ. ಗೊತ್ತಿಲ್ಲದೆ ಪೋರ್ಟ್ ತೆರೆದಿಟ್ಟರೆ ಊರಿಗೆಲ್ಲ ಬಾಗಿಲು ತೆರೆದಂಗೆ.

ಇವಕ್ಕೆಲ್ಲ ತೇಪೆ ಹಾಕಬಹುದು. ನನ್ನ ತಕರಾರು ಬೇರೆ. ಅದರ ಟೇಬಲ್‌ಗಳಲ್ಲಿ ಕಾರು ಇದೆ, ಪ್ರಯಾಣ ಇದೆ, ಚಾರ್ಜಿಂಗ್ ಇದೆ. ಓಡಿಸಿದ ಮನುಷ್ಯ ಇಲ್ಲ. ಒಬ್ಬನೇ ಮಾಲೀಕ, ಒಬ್ಬನೇ ಡ್ರೈವರ್ ಅಂದುಕೊಂಡು ಬರೆದ ವಿನ್ಯಾಸ ಅದು. ನಮ್ಮ ಮನೆಗಳಲ್ಲಿ ಕಾರು ಎಲ್ಲರದ್ದು. ಪಾಸ್‌ವರ್ಡ್ ಮಾತ್ರ ಇಂಜಿನಿಯರ್ ಆದವನದ್ದು. ಸೆಲ್ಫ್-ಹೋಸ್ಟೆಡ್ ಅನ್ನೋದ್ರಲ್ಲಿ ಆ 'ಸೆಲ್ಫ್' ನಾನೊಬ್ಬನೇ.

ಅಪ್ಪ ಟ್ರ್ಯಾಕ್ಟರ್ ಡೀಸೆಲ್ ಲೆಕ್ಕಕ್ಕೆ ಒಂದು ಪುಸ್ತಕ ಇಟ್ಟಿದ್ದ. ಪಡಸಾಲೆಯ ಮೊಳೆಗೆ ನೇತಾಡ್ತಿತ್ತು. ಎಷ್ಟು ಲೀಟರ್, ಯಾರ ಹೊಲ, ಎಷ್ಟು ತಾಸು, ಅಷ್ಟೇ. ಓಡಿಸಿದವರೇ ಬರೀತಿದ್ರು. ಯಾರು ಬೇಕಾದ್ರೂ ತೆಗೆದು ಓದಬಹುದಿತ್ತು.

ಮರುದಿನ ಒಂದು ಸ್ಕ್ರಿಪ್ಟ್ ಬರೆದೆ. ಈಗ ಬ್ಯಾಟರಿ, ತಾಪಮಾನ, ಕಿಲೋಮೀಟರ್ ಉಳಿಯುತ್ತವೆ. ಜಾಗದ ದಾಖಲೆ 24 ಗಂಟೆಗೆ ಅಳಿಸಿಹೋಗುತ್ತೆ. ಜಿಪಿಎಸ್ ಫೋನನ್ನು ಯಾರು ಬೇಕಾದ್ರೂ ಆಫ್ ಮಾಡಬಹುದು ಅಂತ ಮನೆಯವರಿಗೆಲ್ಲ ತೋರಿಸಿದ್ದೀನಿ. ಲಾಗರ್ ಹಾಕೋರಿಗೆ ನನ್ನ ಸಲಹೆ ಇಷ್ಟೇ: ಡಾಕರ್ ಆಮೇಲೆ ಹಾಕಿ, ಮೊದಲು ಕಾರು ಓಡಿಸೋರನ್ನೆಲ್ಲ ಕೂಡಿಸಿ ಕೇಳಿ.

ತಮ್ಮ ಶಹಾಬಾದ್‌ಗೆ ಯಾಕೆ ಹೋಗಿದ್ದ ಅಂತ ಇವತ್ತಿಗೂ ಹೇಳಿಲ್ಲ. ನಾನೂ ಮತ್ತೆ ಕೇಳಿಲ್ಲ.