ಅಟ್ಟ ಕಳೆದುಕೊಂಡ ಮನೆ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. ಅಲ್ಲಿ ನಮ್ಮ ದೊಡ್ಡಪ್ಪನ ಮಗನ ಹಳೆಯ ಹೆಂಚಿನ ಮನೆ ಹೊಸದಾಗಿದೆ ಎಂದು ನೋಡಲು ಹೋಗಿದ್ದೆ. ಪುಸ್ತಕವನ್ನು ವಿಮರ್ಶಿಸುವವರಿದ್ದಾರೆ, ಸಿನಿಮಾ ವಿಮರ್ಶಿಸುವವರಿದ್ದಾರೆ. ನಾವು ಆಯುಷ್ಯವೆಲ್ಲ ಕಳೆಯುವ ಮನೆಯನ್ನು ಮಾತ್ರ ಹೊಗಳಿ, ಊಟ ಮಾಡಿ ಬರುತ್ತೇವೆ. ಈ ಸಲ ಹಾಗೆ ಬರಲು ನನಗೆ ಮನಸ್ಸಾಗಲಿಲ್ಲ.

ಹೊರಗಿನಿಂದ ಅದೇ ಮಂಗಳೂರು ಹೆಂಚು. ಒಳಗೆ ಕಾಲಿಟ್ಟರೆ ಅಟ್ಟವಿಲ್ಲ, ಅಡ್ಡತೊಲೆಗಳಿಲ್ಲ. ಕಣ್ಣು ನೇರವಾಗಿ ಮಾಡಿನ ನೆತ್ತಿಯವರೆಗೂ ಹೋಗುತ್ತದೆ. ಹನ್ನೆರಡಡಿಯ ನಡುಮನೆ ಛತ್ರದಷ್ಟು ವಿಶಾಲವಾಗಿ ಕಾಣುತ್ತದೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನೊಳಗೆ ನಿಂತವರಿಗೆಲ್ಲ ಗೊತ್ತು, ಎತ್ತರಕ್ಕೆ ಒಂದು ಮೋಡಿಯಿದೆ. ತಲೆಯೆತ್ತಿದರೆ ಮನಸ್ಸೂ ಹಗುರಾಗುತ್ತದೆ. ಅಣ್ಣನ ಮಗ ಯಾವುದೋ ಪತ್ರಿಕೆಯ ಬಣ್ಣದ ಚಿತ್ರ ನೋಡಿ ಆಸೆಪಟ್ಟದ್ದು ಇದನ್ನೇ. ಚೆಂದವಾಗಿದೆ ಎಂದು ನಾನೂ ಒಪ್ಪುತ್ತೇನೆ.

ಆದರೆ ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಕಾರಣ ತಿಳಿಯಲು ಎಂಜಿನಿಯರ್ ಬೇಕಿಲ್ಲ. ಒಂದು ಪುಸ್ತಕವನ್ನು ಅರ್ಧ ತೆರೆದು ಮೇಜಿನ ಮೇಲೆ ಗುಡಾರದಂತೆ ಬೋರಲು ನಿಲ್ಲಿಸಿ, ಬೆನ್ನಿನ ಮೇಲೆ ಬೆರಳೊತ್ತಿ. ಎರಡು ಅಂಚುಗಳೂ ಆಚೀಚೆ ಜಾರುತ್ತವೆ. ಇಳಿಜಾರು ಮಾಡೂ ಹಾಗೆಯೇ. ಹೆಂಚಿನ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಗೋಡೆಯಿಂದ ಗೋಡೆಗೆ ಹಾದ ಅಡ್ಡತೊಲೆ ಎರಡನ್ನೂ ಹಿಡಿದಿಟ್ಟಿರುತ್ತದೆ. ಬಳೆಯೂ ಸುತ್ತು ಮುಚ್ಚಿದ್ದರೆ ತಾನೆ ಗಟ್ಟಿ?

ಎತ್ತರ ಬೇಕೆಂದರೆ ಅದಕ್ಕೂ ದಾರಿಯಿದೆ. ನೆತ್ತಿಯಲ್ಲಿ ದಪ್ಪನೆಯ ತೊಲೆಯಿಟ್ಟು, ಅದರ ಎರಡು ತುದಿಗಳನ್ನೂ ಗಟ್ಟಿಯಾದ ಗೋಡೆ ಅಥವಾ ಕಂಬದ ಮೇಲೆ ಹೊರಿಸಬೇಕು. ಆಗ ಭಾರದ ಬಹುಪಾಲು ನೇರವಾಗಿ ಕೆಳಗಿಳಿಯುತ್ತದೆ. ಇಲ್ಲವೆಂದರೆ ಗೋಡೆಗಳ ನಡುವೆ ಕಬ್ಬಿಣದ ಸರಳುಗಳನ್ನಾದರೂ ಬಿಗಿಯಬೇಕು. ಯೂರೋಪಿನ ದೊಡ್ಡ ಚರ್ಚುಗಳು ಗೋಡೆಗೆ ಹೊರಗಿನಿಂದ ಕಲ್ಲಿನ ಆಸರೆ ಕೊಟ್ಟುಕೊಂಡೇ ಅಷ್ಟು ಎತ್ತರಕ್ಕೆ ಹೋದವು. ನಮ್ಮವರು ಎತ್ತರವನ್ನು ತಂದರು, ಆಸರೆಯನ್ನು ಮರೆತರು.

ಮರೆತದ್ದು ಇನ್ನೊಂದಿದೆ. ನಮ್ಮ ಬಯಲುಸೀಮೆಯ ಬಿಸಿಲಿಗೆ ಕಾದ ಹೆಂಚಿನ ಧಗೆಯನ್ನು ಮೊದಲು ಅಟ್ಟ ತಡೆಯುತ್ತಿತ್ತು. ಈಗ ಅದು ನೇರವಾಗಿ ಕೆಳಗೆ ಕೂತವರ ನೆತ್ತಿಗೇ ತಾಗುತ್ತದೆ. ಹುಣಸೆಹಣ್ಣು, ರಾಗಿ ಮೂಟೆ, ಉಪ್ಪಿನಕಾಯಿ ಜಾಡಿ, ಹಬ್ಬಕ್ಕೆ ಮಾತ್ರ ಇಳಿಯುವ ದೊಡ್ಡ ಪಾತ್ರೆ, ಎಲ್ಲಕ್ಕೂ ಅಟ್ಟವೇ ಜಾಗವಾಗಿತ್ತು. ಚಿಕ್ಕ ಮನೆಯ ಹೆಂಗಸಿಗೆ ಅದು ಇನ್ನೊಂದು ಕೋಣೆಯಿದ್ದಂತೆ.

"ಅಟ್ಟ ತೆಗೀತೀವಿ ಅಂತ ನಿಮ್ಮನ್ನ ಕೇಳಿದ್ರಾ ಅತ್ತಿಗೆ?" ಎಂದೆ.

"ನನ್ನನ್ಯಾಕೆ ಕೇಳ್ತಾರಮ್ಮ? ಯಾವ ಬಣ್ಣ ಬಳಿಯೋದು ಅಂತ ಕೇಳಿದ್ರು" ಎಂದು ನಕ್ಕರು.

ನನ್ನ ದೂರು ಹೊಸತನದ ಮೇಲಲ್ಲ. ಅಟ್ಟ ಹತ್ತಿ ಇಳಿದು ಮಂಡಿ ಸವೆಸಿಕೊಂಡವರಲ್ಲಿ ನಾನೂ ಒಬ್ಬಳು. ಆದರೆ ಹಳೆಯದನ್ನು ಕೀಳುವ ಮುನ್ನ ಅದು ಏನನ್ನು ಹೊತ್ತಿತ್ತು ಎಂದು ನೋಡಬೇಕು. ಗೋಡೆಯ ವಿಷಯವನ್ನು ಗಾರೆಯವರು ಹೇಳಿಯಾರು. ಉಳಿದದ್ದನ್ನು ಆ ಮನೆಯ ಹೆಂಗಸೇ ಹೇಳಬೇಕು, ಅದೂ ಬಣ್ಣದ ಮಾತು ಬರುವುದಕ್ಕೆ ಬಹಳ ಮೊದಲೇ.

ಹೊರಡುವಾಗ ಮತ್ತೊಮ್ಮೆ ತಲೆಯೆತ್ತಿ ನೋಡಿದೆ. ಅಷ್ಟೆತ್ತರದ ಆ ಮಾಡಿನ ಕೆಳಗೆ, ಸೋಫಾದ ಹಿಂದೆ, ರಾಗಿ ಮೂಟೆಗಳು ಸಾಲಾಗಿ ಕೂತಿದ್ದವು. ಅತ್ತಿಗೆ ಅವುಗಳ ಮೇಲೊಂದು ಹಳೆಯ ಸೀರೆ ಹೊದಿಸಿದ್ದರು.