ಬೇಡವೆಂದವರ ಮಾತು

ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನ್ನ ಕಣ್ಣು ರಸ್ತೆಬದಿಯ ಹಳೆಯ ಕಲ್ಲುಗಳನ್ನು ಹುಡುಕುತ್ತದೆ. ವೀರಗಲ್ಲಾದರೆ ಊರಿಗಾಗಿಯೋ ದನಕ್ಕಾಗಿಯೋ ಕಾದಾಡಿ ಸತ್ತವನಿರುತ್ತಾನೆ. ಮಾಸ್ತಿಕಲ್ಲಾದರೆ ಬಳೆ ತೊಟ್ಟ ಒಂದು ತೋಳು, ಅಷ್ಟೆ. ಚಿಕ್ಕವಳಿದ್ದಾಗ, ಅಂಥ ಕಲ್ಲಿಗೆ ಕುಂಕುಮವಿಡುತ್ತಿದ್ದ ಅಜ್ಜಿಯನ್ನು ‘ಇದು ಯಾರಜ್ಜಿ?’ ಎಂದು ಕೇಳಿದ್ದೆ. ‘ಮಾಸ್ತಮ್ಮ ಕಣವ್ವ, ಕೈ ಮುಗಿ’ ಎಂದಿದ್ದಳು. ಹೆಸರು ಅಜ್ಜಿಗೂ ಗೊತ್ತಿರಲಿಲ್ಲ.

ಹೆಸರು ಉಳಿದವಳು ದೇಕಬ್ಬೆ. ಕೋಟೆ ತಾಲ್ಲೂಕಿನ ಬೆಳತೂರಿನ ಶಾಸನ ಅವಳದು, ಕಾಲ 1057. ರೈಸ್ ಸಾಹೇಬರು 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕಾ’ದ ನಾಲ್ಕನೆಯ ಸಂಪುಟದಲ್ಲಿ ಅದನ್ನು ಅಚ್ಚು ಹಾಕಿಸಿದರು. ನುಗುನಾಡಿನ ರವಿಗನ ಮಗಳು, ನವಿಲೆನಾಡಿನ ಏಚನ ಹೆಂಡತಿ ಅವಳು. ಮಲ್ಲಯುದ್ಧದಲ್ಲಿ ಒಬ್ಬನನ್ನು ಕೊಂದನೆಂದು ಏಚನನ್ನು ತಲಕಾಡಿಗೆ ಒಯ್ದು ಕೊಲ್ಲಿಸುತ್ತಾರೆ. ಸುದ್ದಿ ತಿಳಿದ ದೇಕಬ್ಬೆ ಹೆತ್ತವರು ತಡೆದರೂ ಕೇಳದೆ, ದಾನ ಕೊಟ್ಟು ಬೆಂಕಿಗೆ ಇಳಿಯುತ್ತಾಳೆ.

ವಿದ್ವಾಂಸರು ಇದನ್ನು ಕಾವ್ಯವೆಂದು ಮೆಚ್ಚಿದ್ದಾರೆ. ನಾನೂ ಮೆಚ್ಚುತ್ತೇನೆ. ಕಥೆ ಕಟ್ಟಿದ ಬಿಗಿ ದೊಡ್ಡದು. ಆದರೆ ಆ ಬಿಗಿಯೇ ನನಗೆ ಅಂಜಿಕೆ ತರುತ್ತದೆ. ಓದುತ್ತ ಓದುತ್ತ ನಾವೂ ಕವಿಯ ಜೊತೆ ಸೇರಿ ಅವಳನ್ನು ಬೆಂಕಿಯ ಕಡೆಗೆ ನಡೆಸಿಬಿಡುತ್ತೇವೆ. ಅವಳ ಹಟವನ್ನು ಹೊಗಳುತ್ತೇವೆ; ಆ ಹಟದ ಹಿಂದೆ ಎಷ್ಟು ತಲೆಮಾರುಗಳ ಪಾಠವಿತ್ತೆಂದು ಕೇಳುವುದಿಲ್ಲ. ಇದೇನು ಹಳೆಯ ಮಾತೇ? ಸಹಗಮನವನ್ನು ಬ್ರಿಟಿಷರು ಬಂಗಾಳದಲ್ಲಿ ನಿಷೇಧಿಸಿದ್ದು 1829ರಲ್ಲಿ. 1987ರಲ್ಲಿ ರಾಜಸ್ಥಾನದ ದೇವರಾಲಾದಲ್ಲಿ ರೂಪ್ ಕನ್ವರ್ ಚಿತೆಯಲ್ಲಿ ಬೆಂದಾಗ ನೋಡಲು ಜನ ನೆರೆದಿದ್ದರು. ಸತಿಯನ್ನು ವೈಭವೀಕರಿಸುವುದೂ ಅಪರಾಧವೆಂಬ ಕಾನೂನು ಆಮೇಲೆ ಬಂತು.

ಬೆಳತೂರಿನ ಶಾಸನದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಹೆತ್ತವರು ತಡೆದರೆಂಬ ಸಂಗತಿ. ‘ಬೇಡ ಮಗಳೇ’ ಎನ್ನುವವರು ಸಾವಿರ ವರ್ಷದ ಹಿಂದೆಯೂ ಇದ್ದರು. ಅವಳ ಧೈರ್ಯವನ್ನು ಎತ್ತಿ ತೋರಿಸಲೆಂದೇ ಕವಿ ಅದನ್ನು ಹೇಳಿರಬಹುದು. ಆದರೂ ಕಲ್ಲು ಅವರ ಸಂಕಟವನ್ನೂ ಉಳಿಸಿಕೊಂಡಿದೆ. ನಮ್ಮ ವಿಮರ್ಶೆ ಹಿಡಿಯಬೇಕಾದ ಎಳೆ ಅದು.

ಇನ್ನೊಂದು ಮಾತು. ನುಗು ಹೊಳೆಯ ಹೆಸರಿನ ನಾಡು ಆಗಲೇ ಇತ್ತೆಂದರೆ ಅಲ್ಲಿ ಕಾಡು ಕಡಿದವರು, ನೀರು ಹೊತ್ತವರು, ಬೀಜ ಕಾಪಾಡಿದವರು ಇದ್ದರೆಂದೇ ಅರ್ಥ. ಅವರಲ್ಲಿ ಅರ್ಧ ಜನ ಹೆಂಗಸರು. ಕಾವೇರಿಯ ಪ್ರವಾಹದಿಂದ ನೊಂದ ಯಡತೊರೆಯನ್ನು ಬಿಟ್ಟು ಕೃಷ್ಣರಾಜನಗರದಲ್ಲಿ ಹೊಸದಾಗಿ ಒಲೆ ಹೂಡಿದವರೂ, 1960ರ ದಶಕದಲ್ಲಿ ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ಕಾಡಿನ ನಡುವೆ ಬದುಕು ಕಟ್ಟಿದ ಟಿಬೆಟನ್ ತಾಯಂದಿರೂ ಅದೇ ಸಾಲಿನವರು. ಸತ್ತವಳಿಗೆ ಕಲ್ಲು ನೆಟ್ಟ ನಾವು, ಬದುಕಿ ಊರು ಮಾಡಿದವಳಿಗೆ ಏನು ನೆಟ್ಟಿದ್ದೇವೆ?

ಈಗಲೂ ಮಾಸ್ತಿಕಲ್ಲು ಕಂಡರೆ ಅಜ್ಜಿಯ ನೆನಪಿನಿಂದ ಕೈ ಮುಗಿಯುತ್ತೇನೆ. ಬೆಂಕಿಗಲ್ಲ, ಆ ತೋಳಿಗೆ. ಅದು ಎಷ್ಟು ಮಕ್ಕಳನ್ನು ಎತ್ತಿ ಆಡಿಸಬಹುದಿತ್ತು!